ನನ್ನ ಫೋಟೊ ಊರೆಲ್ಲ ತಿರುಗಿದಾಗ

ಗದಗ ಜಿಲ್ಲೆಯ ಒಂದು ಹಳ್ಳಿಯಲ್ಲಿ ನಾನು ಆಶಾ ಕಾರ್ಯಕರ್ತೆ. ಸಾವಿರ ಜನಕ್ಕೆ ಒಬ್ಬ ಆಶಾ ಎಂಬುದು ಸರ್ಕಾರದ ಲೆಕ್ಕ. ನನ್ನ ಪಾಲಿಗೆ ಬಂದ ಓಣಿಗಳಲ್ಲಿ ಯಾರ ಸೊಸೆಗೆ ಎಷ್ಟನೇ ತಿಂಗಳು, ಯಾರಿಗೆ ಸಕ್ಕರೆ ಕಾಯಿಲೆ, ಯಾರು ಬಿಪಿ ಗುಳಿಗೆ ಬಿಟ್ಟು ಕುಂತಿದ್ದಾರೆ ಎಂಬುದೆಲ್ಲ ನನಗೆ ಬಾಯಿಪಾಠ. ಗುಲಾಬಿ ಸೀರೆ ಕಂಡರೆ ಹುಡುಗರು ಸೂಜಿ ಹಾಕಲು ಬಂದಳೆಂದು ಓಡುತ್ತಿದ್ದರು, ಅವರ ಅವ್ವಂದಿರು ನಗುತ್ತ ಒಳಗೆ ಕರೆದು ಚಹಾ ಕೊಡುತ್ತಿದ್ದರು. 2021ರ ಮೇ ತಿಂಗಳಲ್ಲಿ ಅದೇ ಮನೆಗಳ ಬಾಗಿಲು ಒಂದೊಂದಾಗಿ ನನಗೆ ಮುಚ್ಚಿದವು. ಅಷ್ಟು ಮಾಡಲು ಒಂದು ಫೋಟೊ ಮತ್ತು ಒಂದು ನಿಮಿಷವೂ ಇರದ ಒಂದು ವಾಯ್ಸ್ ಮೆಸೇಜು ಸಾಕಾದವು.

ಕೊರೊನಾದ ಎರಡನೇ ಅಲೆಯ ಕಾಲ ಅದು. ಏಪ್ರಿಲ್ 27ರ ರಾತ್ರಿಯಿಂದ ರಾಜ್ಯದಲ್ಲಿ ಕರ್ಫ್ಯೂ ಇತ್ತು. ಬೆಂಗಳೂರಿಗೆ ದುಡಿಯಲು ಹೋದವರು ಮನೆಗೆ ಮರಳುತ್ತಿದ್ದರು. ಆರೋಗ್ಯ ಕೇಂದ್ರದಿಂದ ನಮ್ಮ ಕೈಗೆ ಒಂದು ಪಲ್ಸ್ ಆಕ್ಸಿಮೀಟರ್ ಕೊಟ್ಟಿದ್ದರು. ಮನೆಮನೆಗೆ ಹೋಗಿ ಬೆರಳಿಗೆ ಹಾಕಿ, 94ಕ್ಕಿಂತ ಕೆಳಗೆ ತೋರಿಸಿದರೆ ಕೂಡಲೇ ಡಾಕ್ಟರಿಗೆ ತಿಳಿಸಬೇಕು. ಈ ರೋಗದಲ್ಲಿ ರಕ್ತದ ಆಕ್ಸಿಜನ್ ಇಳಿದರೂ ಎಷ್ಟೋ ಜನರಿಗೆ ದಮ್ಮು ಹತ್ತಿದಂತೆ ಅನಿಸುವುದೇ ಇಲ್ಲ. ಕಟ್ಟೆಯ ಮೇಲೆ ಕುಂತು ಮಾತಾಡುತ್ತಿರುವ ಮನುಷ್ಯನ ಒಳಗೆ ಪುಪ್ಪುಸ ಸೋಲುತ್ತಿರುತ್ತದೆ. ಅದಕ್ಕೇ ಆ ಸಣ್ಣ ಮಷೀನು ಅಷ್ಟು ಮುಖ್ಯ.

ಒಬ್ಬ ಅಜ್ಜಿಯ ಬೆರಳಿಗೆ ಅದನ್ನು ಹಾಕುತ್ತಿದ್ದಾಗ ಯಾರೋ ನನ್ನ ಫೋಟೊ ತೆಗೆದಿದ್ದಾರೆ. ಅದರ ಕೆಳಗೆ ಗಂಡಸಿನ ದನಿ, ನಮ್ಮದೇ ಸೀಮೆಯ ಮಾತು. "ಈಕಿ ಬೆರಳಿಗೆ ಹಾಕೋ ಮಷೀನ್‌ನ್ಯಾಗ ರೋಗ ಐತಿ. ಹಾಕಿಸ್ಕೊಂಡವ್ರಿಗೆ ಮರುದಿನ ಜ್ವರ ಬರ್ತಾವ. ಒಬ್ಬರನ್ನ ದವಾಖಾನಿಗೆ ಕಳಿಸಿದ್ರ ಈಕಿಗೆ ಹತ್ತು ಸಾವಿರ ರೊಕ್ಕ. ಅಲ್ಲಿಂದ ಹೆಣಾನ ಬರೂದು. ಎಲ್ಲಾ ಗ್ರೂಪಿಗೂ ಕಳಸ್ರಿ." ನನ್ನ ಮಗನ ಫೋನಿಗೆ ಅದು ಬಂದಾಗ ಅವನು ನನಗೆ ತೋರಿಸಲಿಲ್ಲ. ರಾತ್ರಿ ಊಟಕ್ಕೆ ಕರೆದರೂ ಏಳದೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ನನಗೆ ಗೊತ್ತಾದದ್ದು ಮರುದಿನ, ಅಂಗಡಿಯವ ಸಕ್ಕರೆ ಕೊಡದೆ "ನೀವು ದೂರ ನಿಂದರ್ರಿ ಅಕ್ಕಾರ" ಎಂದಾಗ.

ಮೊದಲ ದಿನ ಜನ ಬಾಗಿಲು ತೆರೆಯಲಿಲ್ಲ. ಆಮೇಲೆ ತೆರೆದು ಬೈದರು. ಒಂದು ಓಣಿಯಲ್ಲಿ ಹುಡುಗರು ನನ್ನ ಕೈಯಿಂದ ಸರ್ವೆ ಪುಸ್ತಕ ಕಸಿದು ಹರಿದು ಗಟಾರಕ್ಕೆ ಎಸೆದರು. ಬಸುರಿಯರ ಹೆಸರು, ಕೂಸುಗಳ ಲಸಿಕೆ ದಿನಾಂಕ ಎಲ್ಲ ಅದರಲ್ಲಿ ಇದ್ದವು. ಹಾಳೆಗಳನ್ನು ಎತ್ತಿ ಸೆರಗಿನಲ್ಲಿ ಒರೆಸುತ್ತಿದ್ದಾಗ ಹಿಂದಿನಿಂದ ಒಂದು ಕಲ್ಲು ಬೆನ್ನಿಗೆ ಬಿತ್ತು. ಆ ನೋವು ನಾಲ್ಕು ದಿನಕ್ಕೆ ಹೋಯಿತು. ಕಲ್ಲು ಬಂದ ದಿಕ್ಕಿನ ಮನೆಯಲ್ಲೇ ಹಿಂದಿನ ವರ್ಷ ಹೆರಿಗೆಗೆ ಆಂಬುಲೆನ್ಸ್ ಬಾರದಾಗ ಟಂಟಂ ಗಾಡಿಯಲ್ಲಿ ಆ ಹೆಣ್ಣುಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೋಗಿದ್ದೆ. ಅದು ಮಾತ್ರ ಇನ್ನೂ ಹೋಗಿಲ್ಲ.

ಹೊಡೆತಕ್ಕೆ ಕಾಯ್ದೆ ಇದೆ. 2020ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಸಮೀಕ್ಷೆಗೆ ಹೋದ ಆಶಾ ಕಾರ್ಯಕರ್ತೆಯರ ಮೇಲೆ ಹಲ್ಲೆಯಾಗಿತ್ತು. ಅದೇ ತಿಂಗಳು ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದು, ಆರೋಗ್ಯ ಸಿಬ್ಬಂದಿಗೆ ಗಂಭೀರ ಗಾಯ ಮಾಡಿದವರಿಗೆ ಏಳು ವರ್ಷದವರೆಗೆ ಜೈಲು ಎಂದಿತು. ಪೊಲೀಸರು ನಮ್ಮೂರಿಗೂ ಬಂದು ಹುಡುಗರನ್ನು ಗದರಿಸಿ ಹೋದರು. ಅವರು ಹೋದ ಮೇಲೂ ಆ ದನಿ ತಿರುಗುತ್ತಲೇ ಇತ್ತು. ಪಕ್ಕದ ಊರಿನ ಆಶಾ ಫೋನ್ ಮಾಡಿ, "ಅಕ್ಕಾ, ಅದೇ ಮೆಸೇಜು ಈಗ ನನ್ನ ಹೆಸರಿಲೆ ಬಂದೈತಿ" ಎಂದು ಅತ್ತಳು. ಫೋಟೊ ಬದಲಿಸಿದ್ದರು, ದನಿ ಅದೇ.

ಸಣ್ಣ ಮಾವನ ವಿಷಯ ಹೇಳಬೇಕು. ನನ್ನ ಗಂಡನ ಕಾಕಾ ಅವರು, ನಾನು ಈ ಊರಿಗೆ ಸೊಸೆಯಾಗಿ ಬಂದಾಗ ಗೌಡರ ಮನೆಯ ಪಂಕ್ತಿಯಲ್ಲಿ ನನ್ನನ್ನೂ ಕೂಡಿಸಿ ಊಟ ಹಾಕಿಸಿದವರು. ಅವರಿಗೆ ಜ್ವರ ಬಂದು ನಾಲ್ಕನೆಯ ದಿನ ನಾನು ಹೋದಾಗ ಪಡಸಾಲೆಯಲ್ಲಿ ದಿಂಬಿಗೆ ಒರಗಿ ಕುಂತಿದ್ದರು. ಕೊರಳಲ್ಲಿ ಬಿಳಿ ಅರಿವೆಯ ಗಂಟು, ಅದರಲ್ಲಿ ಕರ್ಪೂರ, ಲವಂಗ, ಅಜವಾನ. ಅದನ್ನು ಮೂಸುತ್ತಿದ್ದರೆ ಆಕ್ಸಿಜನ್ ಏರುತ್ತದೆ ಎಂಬ ಮೆಸೇಜು ಆ ಏಪ್ರಿಲ್‌ನಲ್ಲಿ ದೇಶವೆಲ್ಲ ತಿರುಗಿತ್ತು. ಪಕ್ಕದಲ್ಲಿ ವಾಟಿಯಲ್ಲಿ ಹಿಂಡಿಟ್ಟ ನಿಂಬೆರಸ, ಹತ್ತಿಯ ತುಂಡು. ಮೂಗಿನ ಹೊಳ್ಳೆಗಳ ಅಂಚು ಕೆಂಪಾಗಿ ಸುಲಿದಿತ್ತು. ಮೂಗಿಗೆ ನಿಂಬೆರಸ ಬಿಟ್ಟುಕೊಂಡರೆ ಕೊರೊನಾ ಹೋಗುತ್ತದೆಂದು ಉತ್ತರ ಕರ್ನಾಟಕದ ಹೆಸರುವಾಸಿ ಉದ್ಯಮಿಯೊಬ್ಬರು ಬಹಿರಂಗವಾಗಿ ಹೇಳಿದ್ದರು, ಆ ವಿಡಿಯೊ ಎಲ್ಲರ ಫೋನಿನಲ್ಲೂ ಇತ್ತು. ರಾಯಚೂರು ಜಿಲ್ಲೆಯಲ್ಲಿ ಹಾಗೆ ಮಾಡಿಕೊಂಡವರೊಬ್ಬರು ತೀರಿಕೊಂಡರೆಂಬ ಸುದ್ದಿ ಪೇಪರಿನಲ್ಲಿ ಬಂದಿತ್ತು. ಆ ಸುದ್ದಿ ಮಾತ್ರ ನಮ್ಮೂರಿನ ಗ್ರೂಪುಗಳಿಗೆ ಮುಟ್ಟಲೇ ಇಲ್ಲ.

ಮಷೀನು 86 ತೋರಿಸಿತು. ಸಣ್ಣ ಮಾವ ಗಂಟು ಮೂಸಿ, "ನೋಡವ್ವಾ, ಮೂಗು ಎಷ್ಟ ಹಗುರಾಗೈತಿ" ಎಂದರು. ಕರ್ಪೂರ ಮೂಸಿದರೆ ಮೂಗಿನಲ್ಲಿ ತಣ್ಣಗೆ ಅನಿಸಿ, ಗಾಳಿ ಚೆನ್ನಾಗಿ ಆಡಿದಂತೆ ತೋರುತ್ತದೆ. ರಕ್ತದಲ್ಲಿ ಏನೂ ಬದಲಾಗುವುದಿಲ್ಲ. ಅವರು ಮೂಸಿದ ಮೇಲೆ ಮತ್ತೆ ಹಾಕಿದೆ, ಅದೇ 86. ಅಷ್ಟರಲ್ಲಿ ಅವರ ಮಗ ಬಂದ. ನನ್ನನ್ನು ಎಂದೂ ತಲೆಯೆತ್ತಿ ನೋಡಿ ಮಾತಾಡದ ಹುಡುಗ, ನನ್ನ ಕೈಹಿಡಿದು ಮಷೀನು ತೆಗೆಸಿದ. "ವೈನೀ, ಖರೆ ಹೇಳ್ರಿ. ಅಪ್ಪಗ ಕಳಿಸಿದ್ರ ನಿಮಗ ಎಷ್ಟ ಬರ್ತೈತಿ?" ಎಂದ.

ನಾನು ಅಲ್ಲೇ ಕುಂತೆ. ಸಣ್ಣತ್ತಿಯ ಕಾಲು ಹಿಡಿದೆ, ಬೋರಲು ಮಲಗಿಸಿರೆಂದು ಹೇಳಿಕೊಟ್ಟೆ, ಅದನ್ನು ಕೇಂದ್ರದ ಆರೋಗ್ಯ ಇಲಾಖೆಯೇ ಹೇಳಿತ್ತು, ಉಪಯೋಗವೂ ಇತ್ತು. ಅದಕ್ಕೆ ಒಪ್ಪಿದರು. ದವಾಖಾನೆಗೆ ಒಪ್ಪಲಿಲ್ಲ. ಎರಡು ದಿನ ಕಳೆದು ಮಾತು ತೊದಲಿದ ಮೇಲೆ ಅವರೇ ಗಾಡಿ ಮಾಡಿಕೊಂಡು ಹೋದರು. ಅಷ್ಟು ಹೊತ್ತಿಗೆ ಡಾಕ್ಟರ ಕೈಯಲ್ಲಿ ಹೆಚ್ಚೇನೂ ಉಳಿದಿರಲಿಲ್ಲ. ಪ್ಲಾಸ್ಟಿಕ್ ಸುತ್ತಿದ ದೇಹ ಊರಿಗೆ ಬಂದಾಗ, "ನೋಡ್ರಿ, ಹೇಳಿದಂಗ ಆತು, ಅಲ್ಲಿಂದ ಹೆಣಾನ ಬರೂದು" ಎಂದರು ಜನ. ಸುಳ್ಳು ಹೇಳಿದವನ ಮಾತೇ ನಿಜವಾದಂತೆ ಕಂಡಿತು. ತಡವಾಗಿ ಹೋದದ್ದಕ್ಕೆ ಸಾವು, ಸಾವು ಕಂಡದ್ದಕ್ಕೆ ಮುಂದಿನ ಮನೆಯವರು ಇನ್ನಷ್ಟು ತಡ. ಆ ಸುತ್ತಿನ ನಡುವೆ ನಿಂತು ನಾನು ಕೂಗಿದ್ದು ಯಾರ ಕಿವಿಗೂ ಬೀಳಲಿಲ್ಲ.

ನನ್ನ ಮಗ ಆ ನಿಂಬೆಯ ವಿಡಿಯೊಗಳನ್ನು ಹುಡುಕಿ ಹುಡುಕಿ ರಿಪೋರ್ಟ್ ಒತ್ತುತ್ತಿದ್ದ. ಕನ್ನಡದಲ್ಲಿ ಇದ್ದದ್ದಕ್ಕೋ ಏನೋ, ನಾವು ನೋಡುತ್ತಿದ್ದ ಹಾಗೆ ಒಂದೂ ಹೋಗಲಿಲ್ಲ. ಆ ಫೆಬ್ರವರಿಯಲ್ಲಷ್ಟೇ ಬಂದಿದ್ದ ಕೇಂದ್ರದ ಐಟಿ ನಿಯಮಗಳಲ್ಲಿ ಕಂಪನಿಯವರು ದೂರನ್ನು 24 ಗಂಟೆಯೊಳಗೆ ಸ್ವೀಕರಿಸಿ 15 ದಿನದೊಳಗೆ ತೀರಿಸಬೇಕು ಎಂದಿತ್ತು. ಸಣ್ಣ ಮಾವನಿಗೆ ಜ್ವರ ಬಂದು ಮಣ್ಣು ಸೇರುವವರೆಗೆ 15 ದಿನ ಆಗಲಿಲ್ಲ. ವಾಟ್ಸ್ಆ್ಯಪಿನ ಮೆಸೇಜಂತೂ ಕಳಿಸಿದವರು, ಪಡೆದವರು ಬಿಟ್ಟು ಬೇರೆ ಯಾರಿಗೂ, ಕಂಪನಿಗೂ ಕಾಣದ ಹಾಗೆ ಬೀಗ ಹಾಕಿರುತ್ತದೆ. ಆ ಬೀಗ ಬೇಕು ಎಂದೇ ನಾನು ಹೇಳುತ್ತೇನೆ. ಗಂಡನ ಹೊಡೆತ, ಮುಚ್ಚಿಟ್ಟ ಬಸಿರು ಇಂಥವನ್ನು ಹೆಣ್ಣುಮಕ್ಕಳು ನನಗೆ ತಿಳಿಸುವುದು ಅದರಲ್ಲೇ. ಆದರೆ ಬೀಗ ಮುರಿಯದೆಯೂ ಮಾಡುವುದಿದೆ. 2020ರ ಏಪ್ರಿಲ್‌ನಲ್ಲಿ, ಬಹಳ ಸಲ ಫಾರ್ವರ್ಡ್ ಆದ ಮೆಸೇಜನ್ನು ಒಂದು ಸಲಕ್ಕೆ ಒಬ್ಬರಿಗೆ ಅಥವಾ ಒಂದು ಗ್ರೂಪಿಗೆ ಮಾತ್ರ ಕಳಿಸಲು ಬರುವಂತೆ ಕಂಪನಿ ಮಾಡಿತು. ಅಂಥ ಮೆಸೇಜುಗಳ ಓಡಾಟ ಶೇ 70ರಷ್ಟು ಇಳಿಯಿತೆಂದು ತಾನೇ ಹೇಳಿತು. ಮನಸ್ಸು ಮಾಡಿದರೆ ಆಗುತ್ತದೆ ಎಂದಾಯಿತಲ್ಲ.

ಇಷ್ಟೆಲ್ಲ ಅನುಭವಿಸಿದವಳು ತಪ್ಪು ಮಾಹಿತಿಯನ್ನೆಲ್ಲ ಅಳಿಸಿ ಹಾಕಿರೆಂದೇ ಹೇಳುತ್ತಾಳೆ ಎಂದು ಜನ ತಿಳಿಯುತ್ತಾರೆ. ಪೂರ್ತಿ ಹಾಗೆ ಹೇಳಲು ನನ್ನಿಂದ ಆಗದು. ಕಾರಣ ಅದೇ ತಿಂಗಳಲ್ಲಿ ನಡೆದ ಇನ್ನೊಂದು ಸಂಗತಿ. ನಮಗೆ ಮಾಸ್ಕ್ ಸಾಕಷ್ಟು ಬರುತ್ತಿರಲಿಲ್ಲ, ಒಂದೇ ಮಾಸ್ಕ್ ತೊಳೆದು ತೊಳೆದು ಹಾಕುತ್ತಿದ್ದೆವು. ಹಿಂದಿನ ವರ್ಷ ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿ ಗೌರವಧನ ಮತ್ತು ರಕ್ಷಣಾ ಸಾಮಗ್ರಿ ಕೇಳಿ ಕೆಲಸ ನಿಲ್ಲಿಸಿದ್ದೂ ಇದಕ್ಕೇ. ತೊಳೆದು ನೂಲೆದ್ದ ನನ್ನ ಮಾಸ್ಕಿನ ಫೋಟೊ ಹಾಕಿ, ಇದನ್ನು ಕಟ್ಟಿಕೊಂಡು ಪಾಸಿಟಿವ್ ಮನೆಗಳಿಗೆ ಹೋಗುತ್ತಿದ್ದೇವೆ ಎಂದು ಫೇಸ್‌ಬುಕ್ಕಿನಲ್ಲಿ ಬರೆದೆ. ಸಂಜೆಯೊಳಗೆ ಮೇಲಿನವರಿಂದ ಫೋನ್ ಬಂತು: "ತಪ್ಪು ಮಾಹಿತಿ ಹಬ್ಬಿಸ್ತೀರೇನ್ರಿ? ಈಗಲೇ ತೆಗೀರಿ. ಇಲ್ಲಾಂದ್ರ ಕೆಲಸ ಬಿಡ್ರಿ." ತೆಗೆದೆ. ನನ್ನ ಮೇಲಿನ ಸುಳ್ಳನ್ನು ಅಳಿಸಲು ಬೇಡಿದಾಗ ದಾರಿ ಇಲ್ಲ ಎಂದಿದ್ದರು. ನಾನು ಬರೆದ ನಿಜವನ್ನು ಅಳಿಸಲು ಒಂದು ಫೋನ್ ಸಾಕಾಯಿತು. ಏಪ್ರಿಲ್ ಕೊನೆಗೆ ಸುಪ್ರೀಂ ಕೋರ್ಟು, ಹಾಸಿಗೆ ಆಕ್ಸಿಜನ್ ಸಿಗುತ್ತಿಲ್ಲವೆಂದು ಸೋಶಿಯಲ್ ಮೀಡಿಯಾದಲ್ಲಿ ಅಳಲು ತೋಡಿಕೊಂಡವರನ್ನು ಹತ್ತಿಕ್ಕಿದರೆ ನ್ಯಾಯಾಂಗ ನಿಂದನೆ ಎಂದು ಹೇಳಿತ್ತು. ಆ ಮಾತು ನನಗೆ ತಿಳಿದದ್ದು ಬಹಳ ತಡವಾಗಿ. ಮೇ ಮೊದಲ ವಾರದಲ್ಲೇ ಆಕ್ಸಿಜನ್ ಕೊರತೆಯಾದ ಚಾಮರಾಜನಗರದ ಆಸ್ಪತ್ರೆಯಲ್ಲಿ ಒಂದೇ ದಿನದೊಳಗೆ 24 ಜನ ತೀರಿಕೊಂಡದ್ದನ್ನು ಇಡೀ ರಾಜ್ಯ ಕಂಡಿತು. ಆಕ್ಸಿಜನ್ ಇಲ್ಲ ಎಂದು ಬರೆಯುವುದನ್ನು ವದಂತಿ ಎಂದು ಅಳಿಸುವ ಅಧಿಕಾರ ಯಾರ ಕೈಗೂ ಹೋಗಬಾರದು.

ಇನ್ನೊಂದು ತೊಡಕೂ ಇದೆ. 2020ರ ಮಾರ್ಚ್‌ನಲ್ಲಿ ಈ ರೋಗ ಗಾಳಿಯಿಂದ ಹರಡುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಖಡಾಖಂಡಿತ ಹೇಳಿತ್ತು. ಎಲ್ಲರೂ ಮಾಸ್ಕ್ ಹಾಕಬೇಕಿಲ್ಲ ಎಂದು ಮೊದಲು ಅಂದು, ಜೂನ್‌ನಲ್ಲಿ ಹಾಕಿರಿ ಎಂದಿತು. ಗುಣವಾದವರ ರಕ್ತದಿಂದ ತೆಗೆದ ಪ್ಲಾಸ್ಮಾಕ್ಕಾಗಿ ಜನ ಊರೂರು ಅಲೆದರು. 2021ರ ಮೇ ತಿಂಗಳಲ್ಲಿ ಐಸಿಎಂಆರ್ ಅದನ್ನು ಚಿಕಿತ್ಸೆಯ ಪಟ್ಟಿಯಿಂದ ತೆಗೆಯಿತು. ಸರ್ಕಾರದ ಮಾತಿಗೆ ವಿರುದ್ಧವಾದದ್ದೆಲ್ಲ ಸುಳ್ಳು ಎಂದು ಹಿಡಿದಿದ್ದರೆ, ಗಾಳಿಯಿಂದ ಹರಡುತ್ತದೆ ಎಂದು ಮೊದಲೇ ಎಚ್ಚರಿಸಿದ ವಿಜ್ಞಾನಿಗಳ ಬಾಯಿಯನ್ನೂ ಕಟ್ಟಬೇಕಾಗುತ್ತಿತ್ತು.

ಹಾಗಾದರೆ ಏನನ್ನು ಅಳಿಸಬೇಕು? ನಾನು ಮನೆಮನೆಯಲ್ಲಿ ಕಂಡದ್ದರಿಂದ ಹೇಳುತ್ತೇನೆ. ಮೂಗಿಗೆ, ಬಾಯಿಗೆ, ಮೈಗೆ ಇಂಥದ್ದು ಹಾಕಿಕೊಳ್ಳಿ, ದವಾಖಾನೆಗೆ ಹೋಗಬೇಡಿ ಎನ್ನುವ ಮಾತು ಕೂಡಲೇ ಹೋಗಬೇಕು, ಹೇಳಿದವರು ಎಷ್ಟೇ ದೊಡ್ಡವರಿರಲಿ. ಇರಾನಿನಲ್ಲಿ 2020ರಲ್ಲಿ ಮದ್ಯ ಕುಡಿದರೆ ಕೊರೊನಾ ಹೋಗುತ್ತದೆಂದು ನಂಬಿ ಮೆಥನಾಲ್ ಕುಡಿದು ನೂರಾರು ಜನ ಸತ್ತರು. ಒಬ್ಬ ವ್ಯಕ್ತಿಯ ಮುಖ ತೋರಿಸಿ ಈಕೆ ರೋಗ ಹಚ್ಚುತ್ತಾಳೆ ಎನ್ನುವುದು ಗಂಟೆಯೊಳಗೆ ಹೋಗಬೇಕು. ಹೇಳದ ಮಾತನ್ನು ದೊಡ್ಡವರ ಬಾಯಿಗೆ ತುರುಕಿದ್ದೂ ಹೋಗಬೇಕು. ಲಸಿಕೆ ಹಾಕಿಸಿಕೊಂಡವರು ಎರಡು ವರ್ಷದಲ್ಲಿ ಸಾಯುತ್ತಾರೆ ಎಂದು ನೊಬೆಲ್ ಪಡೆದ ಲೂಕ್ ಮೊಂಟಾನಿಯೆ ಹೇಳಿದರೆಂಬ ಮೆಸೇಜು ಬಂದ ವಾರ ನಮ್ಮ ಶಾಲೆಯ ಲಸಿಕೆ ಕ್ಯಾಂಪಿನಲ್ಲಿ ನಾನು ಮತ್ತು ಸಿಸ್ಟರ್ ಇಬ್ಬರೇ ಸಂಜೆಯವರೆಗೆ ಕುಂತಿದ್ದೆವು. ಆತ ಹಾಗೆ ಹೇಳಿರಲೇ ಇಲ್ಲ. ಆದರೆ ಲಸಿಕೆ ಹಾಕಿಸಿಕೊಂಡ ಮೇಲೆ ಜ್ವರ ಬಂತು, ಕೈ ಎತ್ತಲಾಗಲಿಲ್ಲ, ನನಗೆ ಹೆದರಿಕೆ ಎಂದು ಯಾರಾದರೂ ಬರೆದರೆ ಅದು ಇರಲಿ. ಹೆದರಿದವರನ್ನು ಅಳಿಸಿದರೆ ಅವರು ನನ್ನ ಎದುರೂ ಬಾಯಿ ಬಿಡುವುದಿಲ್ಲ, ಬಾಗಿಲ ಹಿಂದೆ ಸೇರಿಕೊಳ್ಳುತ್ತಾರೆ.

ಈಗ ಇದ್ದ ಕಾವಲೂ ಸಡಿಲವಾಗುತ್ತಿದೆ. ಕೊರೊನಾ ಕುರಿತ ಸುಳ್ಳುಗಳ ಮೇಲಿನ ನಿಯಮವನ್ನು ಟ್ವಿಟರ್ 2022ರ ನವೆಂಬರಿನಲ್ಲಿ ಕೈಬಿಟ್ಟಿತು. ಫೇಸ್‌ಬುಕ್ಕಿನ ಒಡೆತನದ ಮೆಟಾ ಅಮೆರಿಕದಲ್ಲಿ ಹೊರಗಿನವರಿಂದ ಸತ್ಯ ಪರಿಶೀಲನೆ ಮಾಡಿಸುವುದನ್ನು ನಿಲ್ಲಿಸುವುದಾಗಿ 2025ರ ಜನವರಿಯಲ್ಲಿ ಹೇಳಿತು. ಎಲ್ಲವನ್ನೂ ಬಿಟ್ಟುಬಿಡುವುದು ಅಥವಾ ಸರ್ಕಾರ ಹೇಳಿದ್ದನ್ನೆಲ್ಲ ಅಳಿಸುವುದು, ಈ ಎರಡರಲ್ಲೂ ನನ್ನಂಥವಳಿಗೆ ರಕ್ಷಣೆ ಇಲ್ಲ. ಅಳಿಸಿದ್ದನ್ನು ಏಕೆ ಅಳಿಸಿದೆವು ಎಂದು ಬರೆದವರಿಗೆ ಅವರದೇ ಭಾಷೆಯಲ್ಲಿ ತಿಳಿಸಬೇಕು, ಅವರು ಮರಳಿ ಕೇಳಲು ಅವಕಾಶ ಇರಬೇಕು, ಯಾವ ಇಲಾಖೆ ಹೇಳಿದ್ದಕ್ಕೆ ಅಳಿಸಿದರೆಂಬುದು ಊರಿಗೆ ಗೊತ್ತಾಗಬೇಕು.

ಸಣ್ಣ ಮಾವನ ಮಗ ಈಗಲೂ ನನ್ನ ಜೊತೆ ಮಾತಾಡುವುದಿಲ್ಲ. ಆ ದನಿ ಯಾರದೆಂದು ಪೊಲೀಸರಿಗೂ ಸಿಗಲಿಲ್ಲ. ನಾನು ಅವೇ ಓಣಿಗಳಲ್ಲಿ ತಿರುಗುತ್ತೇನೆ, ಪೋಲಿಯೊ ಹನಿ ಹಾಕುತ್ತೇನೆ, ಬಸುರಿಯರನ್ನು ಕರೆದುಕೊಂಡು ಹೋಗುತ್ತೇನೆ. ಮುಂದೆ ಇಂಥದೇ ರೋಗ ಬಂದರೆ ಮೊದಲು ಮನೆಮನೆಗೆ ಕಳಿಸುವುದು ನಮ್ಮನ್ನೇ. ಆಗ ಆಕ್ಸಿಮೀಟರಿನ ಜೊತೆಗೆ ನನಗೆ ಒಂದು ಫೋನ್ ನಂಬರು ಕೊಡಿ: ಆ ಕಡೆ ಕನ್ನಡ ಬಲ್ಲ, ನಮ್ಮ ಸೀಮೆಯ ಮಾತು ತಿಳಿಯುವ ಮನುಷ್ಯ ಇರಬೇಕು, ನಾನು ತೋರಿಸಿದ ಮೆಸೇಜನ್ನು ಅದೇ ದಿನ ಕೇಳಿ, ತೆಗೆಯುತ್ತೇನೆ ಇಲ್ಲವೇ ಈ ಕಾರಣಕ್ಕೆ ತೆಗೆಯುವುದಿಲ್ಲ ಎಂದು ತನ್ನ ಹೆಸರು ಹೇಳಿ ಉತ್ತರ ಕೊಡಬೇಕು.