ಗಂಟಿನೊಳಗಿನ ಬಿಸಿ

ಮಕ್ಕಳೇ, ನಾನು ಚಿಕ್ಕವನಿದ್ದಾಗ ಸತ್ಯಮಂಗಲದ ನಮ್ಮ ಮನೆಯಲ್ಲಿ ಅಮ್ಮ ನೆನೆಸಿದ ಹುರುಳಿಯನ್ನು ಬಟ್ಟೆಯಲ್ಲಿ ಗಂಟು ಕಟ್ಟಿಡುತ್ತಿದ್ದರು. ಬೆಳಿಗ್ಗೆ ಗಂಟಿನೊಳಗೆ ಕೈ ತೂರಿಸಿದರೆ ಬೆಚ್ಚಗಿರುತ್ತಿತ್ತು! ಒಲೆಯಿಲ್ಲ, ಬಿಸಿಲಿಲ್ಲ, ಶಾಖ ಎಲ್ಲಿಯದು? ಕಾಳಿನ ಉಸಿರಾಟದ್ದು. ಕೂಡಿಟ್ಟ ಪಿಷ್ಟವನ್ನು ಸಕ್ಕರೆಯಾಗಿಸಿ, ಆಮ್ಲಜನಕದ ನೆರವಿನಿಂದ ಅದು ಶಕ್ತಿ ಪಡೆಯುತ್ತದೆ. ಒಂದು ಪಾಲು ಬೇರು ಬೆಳೆಸಲು, ಒಂದು ಪಾಲು ಜೀವಕೋಶಗಳ ದುರಸ್ತಿಗೆ, ಉಳಿದದ್ದು ಶಾಖವಾಗುತ್ತದೆ. ಡಬ್ಬದ ಒಣಕಾಳೂ ಉಸಿರಾಡುತ್ತದೆ, ಬಲು ಮೆಲ್ಲಗೆ, ಜೀವ ಹಿಡಿದಿಡುವಷ್ಟು.

ಒಮ್ಮೆ ನಾನು ಜಾಣತನ ಮಾಡಿ, ಬೇಗ ಮೊಳೆಯಲೆಂದು ಕಾಳನ್ನು ಮೂರು ದಿನ ನೀರಿನಲ್ಲೇ ಮುಳುಗಿಸಿಟ್ಟೆ. ಮೊಳಕೆಯ ಬದಲು ನಾತ ಬಂತು. ನೀರಿನಡಿ ಆಮ್ಲಜನಕ ಸಾಲದೆ ಕಾಳು ಉಸಿರುಗಟ್ಟಿ ಸತ್ತು, ಕೊಳೆಯತೊಡಗಿತ್ತು. ಮನೆಯಲ್ಲಿದ್ದದ್ದೇ ಅಷ್ಟು ಕಾಳು. ಆ ರಾತ್ರಿ ಮುದ್ದೆಗೆ ಬರೀ ಉಪ್ಪುಖಾರ. ಅಮ್ಮ ಮಾತಾಡಲಿಲ್ಲ.

ನೀವೂ ಗಂಟು ಕಟ್ಟಿ. ಪಕ್ಕದಲ್ಲಿ ಒಣಕಾಳಿನ ಗಂಟೂ ಇರಲಿ. ಬೆಳಿಗ್ಗೆ ಎರಡನ್ನೂ ಮುಟ್ಟಿ ನೋಡಿ.