ಗಾಡಿ ದಿವಾ ಬಿಟ್ಟ ಮೇಲೆ

ಡೊಂಬಿವಲಿಯಲ್ಲಿ ಸಂಜೆ ನಾಲ್ಕು ಜನರನ್ನು ಮನೆಗೆ ಕರೆದರೆ ನಾಲ್ಕು ಗಾಡಿಗಳ ದಾರಿ ಕಾಯಬೇಕು. ಅಣ್ಣನ ಮನೆ ಐರೋಲಿಯಲ್ಲಿ. ಟ್ರಾನ್ಸ್‌ಹಾರ್ಬರ್‌ನಲ್ಲಿ ಠಾಣೆಗೆ ಬಂದು, ಸೇತುವೆ ಹತ್ತಿ ಇಳಿದು ಕಲ್ಯಾಣದ ಕಡೆಯ ಸ್ಲೋ ಲೋಕಲ್ ಹಿಡಿಯಬೇಕು. 2004ರಲ್ಲಿ ಆ ಲೈನು ಶುರುವಾದ ಮೇಲೆ ಎಷ್ಟೋ ಸಲೀಸಾಗಿದೆ, ನಿಜ. ನಾದಿನಿ ಕಲ್ಯಾಣದವಳು, ನಡುವೆ ಠಾಕುರ್ಲಿ ಒಂದೇ ಸ್ಟೇಷನ್ನು. ಅವಳು ಹೇಳಿದ ಹೊತ್ತಿಗಿಂತ ಅರ್ಧ ಗಂಟೆ ಮೊದಲೇ ಬಾಗಿಲಲ್ಲಿ ಚಪ್ಪಲಿ ಬಿಟ್ಟಿರುತ್ತಾಳೆ. ಎಲ್ಲರಿಗೂ ಬಿಡುವಿರುವುದು ಭಾನುವಾರ, ಹಳಿ ರಿಪೇರಿಗೆಂದು ಗಾಡಿ ತಡೆಯುವ ಮೆಗಾಬ್ಲಾಕ್ ಇರುವುದೂ ಭಾನುವಾರವೇ. ಆರು ಗಂಟೆಗೆ ಬನ್ನಿ ಅಂದರೆ ಐದೂವರೆಯಿಂದ ಏಳೂಕಾಲರವರೆಗೆ ಬೆಲ್ ಆಗುತ್ತಲೇ ಇರುತ್ತದೆ.

ಇಂಥ ಊರಲ್ಲಿ ಬಂದವರಿಗೆ ಲೋಡೆಡ್ ಫ್ರೈಸ್ ಮಾಡೋಣ ಅಂತ ಮಗಳು ಹಟ ಹಿಡಿದಳು. ಉಪ್ಪಿಟ್ಟು ಕಾಯುತ್ತದೆ, ಬನ್ಸ್ ಮರುದಿನಕ್ಕೂ ಆಗುತ್ತದೆ, ಪತ್ರೊಡೆಯಂತೂ ಮರುದಿನವೇ ರುಚಿ. ಫ್ರೈಸ್ ಹತ್ತು ನಿಮಿಷ ಕಾಯುವುದಿಲ್ಲ. ಮೊದಲ ಸಲ ನಾನು ಆರಕ್ಕೆ ಸರಿಯಾಗಿ ಅಷ್ಟನ್ನೂ ಕರಿದು, ಚೀಸ್ ಸಾಸ್ ಸುರಿದು, ಮೇಜಿನ ಮೇಲಿಟ್ಟು ಕೂತೆ. ಅಣ್ಣನವರು ಬರುವಾಗ ಏಳು ದಾಟಿತ್ತು. ತಟ್ಟೆಯಲ್ಲಿದ್ದದ್ದು ಹುಳಿಯೊಳಗಿನ ಹೋಳಿನ ಹಾಗೆ ಮೆತ್ತಗಾಗಿತ್ತು. ಎಲ್ಲರೂ ತಿಂದರು, ಚೆನ್ನಾಗಿದೆ ಅಂದರು. ಮಗಳು ಮಾತ್ರ ಏನೂ ಹೇಳಲಿಲ್ಲ. ಅವಳ ಮುಖ ನೋಡಿ ನನಗೆ ಬಹಳ ಬೇಸರವಾಯಿತು.

ಆಮೇಲೆ ಯೋಚಿಸಿದರೆ, ಈ ವಿದ್ಯೆ ನಮಗೆ ಹೊಸದೇ ಅಲ್ಲ. ಠಾಣೆಯ ಮಾಮ್ಲೇದಾರ್ ಮಿಸಳ್ ತಿಂದವರಿಗೆ ಗೊತ್ತು, ಗರಿಗರಿ ಫರಸಾಣ್ ಮೇಲೆ ಖಾರದ ಕಟ್ ಸಾರು ಬೀಳುವುದು ತಟ್ಟೆ ನಿಮ್ಮ ಮುಂದೆ ಬರುವ ಗಳಿಗೆಯಲ್ಲಿ. ಹುಬ್ಬಳ್ಳಿಯ ಗಿರ್ಮಿಟ್ ಹಾಗೆಯೇ. ನಮ್ಮ ಕಡಲತೀರದಲ್ಲಿ ಚರುಮುರಿ ಮಾಡುವವನು ಗಿರಾಕಿ ನಿಂತ ಮೇಲಷ್ಟೇ ಟೊಮೆಟೊಗೆ ಚಾಕು ಹಾಕುತ್ತಾನೆ. ಗರಿಗರಿಯೂ ಹಸಿಯೂ ಬಾಯಲ್ಲೇ ಸೇರಬೇಕು, ತಟ್ಟೆಯಲ್ಲಿ ಅಲ್ಲ. ಕೆನಡಾದ ಕ್ವಿಬೆಕ್‌ನವರು 1950ರ ದಶಕದಿಂದ ಫ್ರೈಸ್ ಮೇಲೆ ಚೀಸ್ ತುಂಡು ಉದುರಿಸಿ ಬಿಸಿ ಗ್ರೇವಿ ಹೊಯ್ದು ಪುಟೀನ್ ಅನ್ನುತ್ತಾರಂತೆ. ಅವರ ಕಷ್ಟವೂ ಇದೇ ಇದ್ದೀತು.

ಹಾಗಾಗಿ ಈಗ ನಾನು ಎರಡು ಸಲ ಕರಿಯುತ್ತೇನೆ. ಒಂದು ಸಲ ಜನ ಬರುವ ಮೊದಲು, ಇನ್ನೊಂದು ಸಲ ಬಂದ ಮೇಲೆ.

ಶುರು ಮಾಡಬೇಕಾದದ್ದು ಬಟಾಟೆಯಿಂದ. ಆಲೂಗಡ್ಡೆ ಅನ್ನಿ, ಬೇಡವೆನ್ನುವುದಿಲ್ಲ, ಆದರೆ ಕುಂದಾಪುರದ ಕಡೆಯವಳಾದ ನನಗೆ ಬಟಾಟೆಯೇ. ಈ ಊರಿಗೆ ಬಂದ ಹೊಸತರಲ್ಲಿ ತರಕಾರಿಯವರು ‘ಬಟಾಟಾ’ ಎಂದು ಕೂಗಿದಾಗ ಊರಿನವರೇ ಕರೆದ ಹಾಗಾಗಿತ್ತು. ಪೋರ್ಚುಗೀಸರ ಮಾತದು. 1737ರಲ್ಲಿ ಮರಾಠರು ಗೆದ್ದುಕೊಳ್ಳುವವರೆಗೆ ಠಾಣೆ ಅವರ ಕೈಯಲ್ಲಿತ್ತು, ನಮ್ಮ ಕರಾವಳಿಯ ಬಂದರುಗಳಲ್ಲೂ ಅವರ ಹಡಗು ನಿಲ್ಲುತ್ತಿತ್ತು. ಹಡಗು ಹೋಯಿತು, ಮಾತು ಎರಡೂ ಕಡೆ ಉಳಿಯಿತು. ಘಟ್ಟ ಹತ್ತಿ ಹಾಸನಕ್ಕೆ ಹೋದರೆ ಹೊಲಗಟ್ಟಲೆ ಬೆಳೆಯುತ್ತಾರೆ, ಅಲ್ಲಿ ಅದು ಆಲೂಗಡ್ಡೆ.

ವಾಶಿಯ ಕಾಂದಾ-ಬಟಾಟಾ ಮಾರ್ಕೆಟ್ಟಿನಿಂದ ನಮ್ಮ ತರಕಾರಿಯವರಿಗೆ ಮೂಟೆ ಬರುತ್ತದೆ. ಅವರ ಹತ್ತಿರ ‘ವೇಫರ್‌ಗೆ ಆಗುವಂಥದ್ದು ಕೊಡಿ ಭಾವು’ ಎಂದು ಕೇಳುವುದು ಒಳ್ಳೆಯದು. ಹಿಟ್ಟು ಜಾಸ್ತಿ, ನೀರು ಕಡಿಮೆ ಇರುವ ತಳಿಗಳಿವೆ. ಕುಫ್ರಿ ಚಿಪ್ಸೋನಾ, ಕುಫ್ರಿ ಫ್ರೈಸೋನಾ ಎಂದು ಶಿಮ್ಲಾದ ಆಲೂಗಡ್ಡೆ ಸಂಶೋಧನಾ ಸಂಸ್ಥೆಯವರು ಇದಕ್ಕೆಂದೇ ಬೆಳೆಸಿದವು. ಫ್ರಿಜ್ಜಿನಲ್ಲಿ ಮಾತ್ರ ಇಡಬೇಡಿ. ತಣ್ಣಗೆ ಕೂತ ಬಟಾಟೆಯಲ್ಲಿ ಹಿಟ್ಟು ಸಕ್ಕರೆಯಾಗುತ್ತದೆ, ಬಾಣಲೆಗೆ ಬಿದ್ದೊಡನೆ ಕಪ್ಪಾಗುತ್ತದೆ, ಒಳಗೆ ಬೆಂದಿರುವುದಿಲ್ಲ.

ಆರು ಜನಕ್ಕೆ ಒಂದೂವರೆ ಕಿಲೋ. ಕಿರುಬೆರಳ ದಪ್ಪಕ್ಕೆ ಹೆಚ್ಚಿ ಅರ್ಧ ಗಂಟೆ ತಣ್ಣೀರಿನಲ್ಲಿ ಬಿಡಿ, ನೀರು ಬೆಳ್ಳಗಾದರೆ ಚೆಲ್ಲಿ. ಆಮೇಲೆ ಉಪ್ಪು ಮತ್ತು ಒಂದು ಚಮಚ ವಿನೆಗರ್ ಹಾಕಿದ ನೀರಲ್ಲಿ ಐದಾರು ನಿಮಿಷ ಕುದಿಸಿ. ವಿನೆಗರ್ ಇದ್ದರೆ ಕಡ್ಡಿ ಮುರಿಯುವುದಿಲ್ಲ, ಹುಳಿಗೆ ಅದರ ಮೈ ಗಟ್ಟಿಯಾಗಿ ನಿಲ್ಲುತ್ತದೆ. ಬಸಿದು, ಅತ್ತೆಯ ಹಳೇ ಹತ್ತಿ ಸೀರೆಯ ಮೇಲೆ ಹರವಿ ಫ್ಯಾನ್ ಹಾಕುತ್ತೇನೆ. ಮೊದಲ ಸಲ ಕರಿಯುವಾಗ ಎಣ್ಣೆ ಹದ ಬಿಸಿ ಸಾಕು, ಬಣ್ಣ ಬರಬಾರದು, ಮೈ ಬಿಳುಚಿಕೊಂಡೇ ಇರಬೇಕು. ತೆಗೆದು ಮತ್ತೆ ಹರವಿಟ್ಟರೆ ಗಂಟೆಗಟ್ಟಲೆ ಕಾಯುತ್ತದೆ. ಮೆಗಾಬ್ಲಾಕ್ ಎಷ್ಟು ಹೊತ್ತಾದರೂ ಇರಲಿ.

ಚೀಸ್ ಸಾಸಿನ ಕೆಲಸ ಹೆಚ್ಚಿಲ್ಲ. ಒಂದು ಚಮಚ ಬೆಣ್ಣೆಯಲ್ಲಿ ಒಂದು ಚಮಚ ಮೈದಾ ಹುರಿದು, ಒಂದು ಲೋಟ ಹಾಲು ಹೊಯ್ದು, ಗಂಟಾಗದಂತೆ ತಿರುವಿ ನಾಲ್ಕು ಅಮೂಲ್ ಕ್ಯೂಬ್ ತುರಿದು ಹಾಕಿ. ಆದರೆ ಚೀಸ್ ಒಂದರಿಂದಲೇ ನಮ್ಮ ನಾಲಿಗೆಗೆ ತೃಪ್ತಿಯಿಲ್ಲ. ನಾನು ಅದರ ಜೊತೆ ಕುಂದಾಪುರದ ಘೀ ರೋಸ್ಟ್ ಮಸಾಲೆ ಮಾಡುತ್ತೇನೆ: ಬ್ಯಾಡಗಿ ಮೆಣಸು, ಕೊತ್ತಂಬರಿ, ಜೀರಿಗೆ, ಕಾಳುಮೆಣಸು, ನಾಲ್ಕೇ ಕಾಳು ಮೆಂತೆ, ಬೆಳ್ಳುಳ್ಳಿ, ಹುಣಸೆ. ನುಣ್ಣಗೆ ಅರೆದು ಧಾರಾಳ ತುಪ್ಪದಲ್ಲಿ ಹುರಿಯುತ್ತಾ ಹೋದರೆ ಮೊದಲು ಕೆಂಪಗೆ ಸಿಡಿಯುತ್ತದೆ, ಆಮೇಲೆ ಸದ್ದಡಗಿ ಕಂದು ಕೆಂಪಾಗಿ ತುಪ್ಪ ಅಂಚಿಗೆ ಬಿಡುತ್ತದೆ. ಅಲ್ಲಿಗೆ ಚೂರು ಬೆಲ್ಲ. ಬ್ಯಾಡಗಿಯಲ್ಲಿ ಬಣ್ಣ ಜಾಸ್ತಿ, ಖಾರ ಕಡಿಮೆ, ಮಕ್ಕಳೂ ತಿನ್ನುತ್ತಾರೆ. ಇದಕ್ಕೆ ಪನೀರ್ ಚೂರು ಮಾಡಿ ಹಾಕಿದರೆ ಸಸ್ಯಾಹಾರಿಗಳಿಗೆ, ಕೋಳಿ ಎಳೆ ಬಿಡಿಸಿ ಹಾಕಿದರೆ ಅಣ್ಣನಿಗೆ. ಎದುರುಮನೆಯ ಧಾರವಾಡದ ಅಕ್ಕ ಶೇಂಗಾ ಚಟ್ನಿಪುಡಿ ತರುತ್ತಾರೆ. ಚೀಸಿನ ಮೇಲೆ ಅದನ್ನು ಉದುರಿಸಿ ಒಮ್ಮೆ ನೋಡಿ, ಅಂಗಡಿಯ ಯಾವ ಪುಡಿಯೂ ಬೇಡ.

ಹೋದ ಭಾನುವಾರ ಎಲ್ಲ ಅಣಿಯಾಗಿತ್ತು. ನಾದಿನಿ ಚಹಾ ಕುಡಿದು ಈರುಳ್ಳಿ ಹೆಚ್ಚುತ್ತಿದ್ದಳು. ಅಣ್ಣನ ಫೋನು ಬಂತು: ‘ಗಾಡಿ ದಿವಾ ಬಿಟ್ಟಿತು.’ ಇನ್ನು ಕೋಪರ್, ಆಮೇಲೆ ನಮ್ಮೂರು, ರಿಕ್ಷಾಕ್ಕೆ ಐದು ನಿಮಿಷ. ಮಗಳು ಗ್ಯಾಸ್ ದೊಡ್ಡದು ಮಾಡಿದಳು. ಬೆಲ್ ಆಗುವಾಗ ಎಣ್ಣೆ ಚೆನ್ನಾಗಿ ಕಾದಿತ್ತು. ಬಿಳುಚಿದ ಕಡ್ಡಿಗಳು ಎರಡೇ ನಿಮಿಷದಲ್ಲಿ ಹೊಂಬಣ್ಣಕ್ಕೆ ತಿರುಗಿದವು, ಜಾಲರಿಯಲ್ಲಿ ಎತ್ತಿ ಆಡಿಸಿದರೆ ಒಣ ಕಡ್ಡಿಗಳ ಹಾಗೆ ಸದ್ದು. ಉಪ್ಪು, ಮಸಾಲೆ, ಸಾಸು, ಈರುಳ್ಳಿ, ಕೊತ್ತಂಬರಿ ಸೊಪ್ಪು. ‘ಕೈ ತೊಳೆದು ಬೇಗ ಬನ್ನಿ ಮಾರಾಯ್ರೆ!’ ಎಂದು ಕೂಗಿದೆ. ಅಣ್ಣ ಬ್ಯಾಗು ಹೆಗಲಲ್ಲಿದ್ದ ಹಾಗೆಯೇ ಮೊದಲ ಕಡ್ಡಿ ಎತ್ತಿದ. ಅದು ಮುರಿದ ಸದ್ದು ಅಡುಗೆಮನೆಯಲ್ಲಿದ್ದ ಮಗಳಿಗೂ ಕೇಳಿತು.

ಅತ್ತೆಗೆ ಗಟ್ಟಿ ಜಗಿಯಲಾಗುವುದಿಲ್ಲ. ‘ಅಡಿಯದ್ದು ನನಗಿರಲಿ’ ಎಂದು ಮೊದಲೇ ಹೇಳಿಟ್ಟಿದ್ದರು. ತಟ್ಟೆಯ ತಳದಲ್ಲಿ ತುಪ್ಪ, ಸಾಸು ಹೀರಿ ಮೆತ್ತಗಾದ ಹತ್ತಿಪ್ಪತ್ತು ಕಡ್ಡಿಗಳನ್ನು ಯಾರೂ ಮುಟ್ಟಲಿಲ್ಲ. ಅಣ್ಣನವರು ವಾಪಸು ಗಾಡಿಗೆಂದು ಹೊರಟು ಲಿಫ್ಟಿನ ಹತ್ತಿರ ನಿಂತಾಗಲೂ ಅತ್ತೆ ಅಂಚಿನ ಮಸಾಲೆಯನ್ನು ಬೆರಳಿನಿಂದ ಬಳಿಯುತ್ತಿದ್ದರು.