ಕೊನೆಯ ಪ್ರಶ್ನೆ ನಮ್ಮದು

ಕಳೆದ ತಿಂಗಳು ನಮ್ಮ ಡಿಪಾರ್ಟ್‌ಮೆಂಟಿನಲ್ಲಿ ಮಾಕ್ ಇಂಟರ್‌ವ್ಯೂ ಇತ್ತು. ಸೆಕೆಂಡ್ ಇಯರ್‌ನವರಿಗೆ ಈಗಲೇ ಯಾಕೆ ಅಂದರೆ, "ಅಭ್ಯಾಸ ಆಗಲಿ" ಅಂದರು. ಲಿಂಕ್ಡ್ ಲಿಸ್ಟ್ ತಿರುಗಿಸೋ ಪ್ರೋಗ್ರಾಂ ಬರೆದೆ, ಮಿನಿ ಪ್ರಾಜೆಕ್ಟ್ ಬಗ್ಗೆ ಹೇಳಿದೆ. ಎಲ್ಲ ಸರಿಯಾಗೇ ಹೋಯಿತು. ಕೊನೆಗೆ ಎಚ್‌ಆರ್ ಪಾತ್ರದಲ್ಲಿದ್ದ ಫೋರ್ತ್ ಇಯರ್ ಸೀನಿಯರ್, "ನೀವು ನಮ್ಮನ್ನ ಏನಾದ್ರೂ ಕೇಳೋದಿದೆಯಾ?" ಅಂದರು. "ನೋ ಸರ್, ಥ್ಯಾಂಕ್ ಯೂ ಸರ್" ಅಂತ ಎದ್ದು ಬಂದೆ. ಫೀಡ್‌ಬ್ಯಾಕ್ ಹಾಳೆಯಲ್ಲಿ ಆ ಸಾಲಿಗೆ ಸಿಕ್ಕಿದ್ದು ಹತ್ತಕ್ಕೆ ಎರಡು.

ಅದೇ ವಾರ ಶ್ರೀನಗರದ ನಮ್ಮ ಮನೆಗೆ ಕೆಲಸಕ್ಕೆ ಅಂತ ಹೊಸಬರೊಬ್ಬರು ವಿಚಾರಿಸಿಕೊಂಡು ಬಂದರು. ಅಮ್ಮ ಬಾಯಿ ತೆಗೆಯೋ ಮೊದಲೇ ಬಾಗಿಲಲ್ಲಿ ನಿಂತು ಶುರು ಮಾಡಿದರು. "ಮನೇಲಿ ಎಷ್ಟು ಜನ ಅಕ್ಕ? ಮುಸುರೆ ಒಂದು ಹೊತ್ತಾ, ಎರಡು ಹೊತ್ತಾ? ಬಟ್ಟೆ ಮೆಷಿನ್ನಿಗಾ, ಕೈಲಾ? ತಿಂಗಳಿಗೆ ಎಷ್ಟು ರಜಾ?" ಅಮ್ಮ ಎಲ್ಲಕ್ಕೂ ಉತ್ತರ ಕೊಟ್ಟರು. ಆಮೇಲೆ ಬಂತು, "ಮುಂಚೆ ಇದ್ದವರು ಯಾಕೆ ಬಿಟ್ರು?"

"ಊರಿಗೆ ಹೋದ್ರು" ಅಂದರು ಅಮ್ಮ.

"ಯಾವೂರು?"

ಅಮ್ಮ ತಡವರಿಸಿದರು. ಆಂಟಿ ಒಂದು ಸಲ ಅಡುಗೆಮನೆ ಕಡೆ ನೋಡಿ, "ನಾಳೆ ಹೇಳ್ತೀನಿ ಅಕ್ಕ" ಅಂತ ಹೊರಟರು. ನಾನು ಸೋಫಾ ಮೇಲೆ ಕೂತು ಬಾಯಿ ಬಿಟ್ಟುಕೊಂಡು ನೋಡ್ತಾ ಇದ್ದೆ. ಇಷ್ಟು ವರ್ಷ ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಹೊಳೆಯದ ಪ್ರಶ್ನೆಗಳನ್ನ ಅವರು ಎರಡು ನಿಮಿಷದಲ್ಲಿ ಕೇಳಿದ್ದರು.

ನಾವು ಯಾಕೆ ಕೇಳಲ್ಲ? ಭಯ. ಕೇಳಿದರೆ ದುರಹಂಕಾರ ಅಂದುಕೊಳ್ಳುತ್ತಾರೆ, ಸಿಗೋ ಕೆಲಸವೂ ಹೋಗುತ್ತೆ ಅಂತ. ಆದರೆ ತುಂಬಾ ಕಾಲೇಜುಗಳಲ್ಲಿ ಒಂದು ಆಫರ್ ಬಂದ ಮೇಲೆ ಇನ್ನೊಂದು ಕಂಪನಿಗೆ ಕೂರಲು ಬಿಡಲ್ಲ. ಅಂದರೆ ಆಮೇಲೆ ಹೋಲಿಸಿ ನೋಡೋಕೆ ಏನೂ ಉಳಿದಿರಲ್ಲ.

ನನ್ನ ದೊಡ್ಡಮ್ಮನ ಮಗಳು ಹೀಗೇ ಸಿಕ್ಕಿಕೊಂಡಳು. ನಾಲ್ಕೂವರೆ ಲಕ್ಷ ಸಿಟಿಸಿ ಅಂತ ಮನೆಯವರೆಲ್ಲ ಸೇರಿ ಸ್ವೀಟ್ ಹಂಚಿದೆವು. ಕಂಪನಿ ಕಟ್ಟೋ ಪಿಎಫ್ ಪಾಲು, ಗ್ರಾಚುಯಿಟಿ, ಇನ್ಶೂರೆನ್ಸ್, ವರ್ಷದ ಕೊನೆಗೆ ಬಂದರೂ ಬರಬಹುದಾದ ವೇರಿಯಬಲ್ ಪೇ, ಎಲ್ಲ ಅದರೊಳಗೇ ಇತ್ತು ಅಂತ ಗೊತ್ತಾಗಿದ್ದು ಮೊದಲ ಸಂಬಳ ಬಂದಾಗ. ಎರಡು ವರ್ಷದ ಬಾಂಡ್ ಇದೆ ಅಂತ ಗೊತ್ತಾಗಿದ್ದು ಜಾಯಿನಿಂಗ್ ದಿನ, ಸಹಿ ಹಾಕೋ ಹಾಳೆ ಮುಂದಿಟ್ಟಾಗ. ನೈಟ್ ಶಿಫ್ಟ್‌ನಲ್ಲಿ ಆರೋಗ್ಯ ಕೆಟ್ಟು ಬಿಡಬೇಕು ಅಂದರೆ ಒಂದೂವರೆ ಲಕ್ಷ ಕಟ್ಟಬೇಕಿತ್ತು. ಬಿಡಲಿಲ್ಲ. "ಇಂಟರ್‌ವ್ಯೂ ಕೊನೇಲಿ ಕೇಳಿದ್ರು ಕಣೋ, ನಾನೇ ಏನೂ ಇಲ್ಲ ಅಂದೆ" ಅಂತಾಳೆ ಈಗಲೂ.

ಬಾಂಡ್ ಅಂದ್ರೆ ಬರೀ ಹೆದರಿಸೋಕೆ, ಕೋರ್ಟಿನಲ್ಲಿ ನಿಲ್ಲಲ್ಲ ಅಂತ ಹಾಸ್ಟೆಲ್‌ನಲ್ಲಿ ಹೇಳೋದು ಕೇಳಿರ್ತೀರ. ಹಾಗಂತ ನಂಬಿ ಕೂರಬೇಡಿ. 1931ರಲ್ಲಿ ಮಂಗಳೂರಿನಲ್ಲಿ ಶುರುವಾದ ನಮ್ಮ ವಿಜಯಾ ಬ್ಯಾಂಕಿನದೇ ಒಂದು ಕೇಸ್ ಇದೆ. ಮೂರು ವರ್ಷದೊಳಗೆ ಬಿಟ್ಟರೆ 2 ಲಕ್ಷ ರೂಪಾಯಿ ಕೊಡಬೇಕು ಅಂತ ಷರತ್ತು. 2007ರಲ್ಲಿ ಸೇರಿದ ಅಧಿಕಾರಿಯೊಬ್ಬರು 2009ರಲ್ಲಿ ಬೇರೆ ಬ್ಯಾಂಕಿಗೆ ಹೋಗಲು ರಾಜೀನಾಮೆ ಕೊಟ್ಟರು, ಆಕ್ಷೇಪ ದಾಖಲಿಸಿಯೇ ದುಡ್ಡು ಕಟ್ಟಿದರು, ಕೇಸ್ ಹಾಕಿದರು. ಕರ್ನಾಟಕ ಹೈಕೋರ್ಟಿನಲ್ಲಿ ಅವರು ಗೆದ್ದರು. 2019ರಲ್ಲಿ ವಿಜಯಾ ಬ್ಯಾಂಕೇ ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಕೊನೆಗೆ 2025ರ ಮೇ 14ರಂದು ಸುಪ್ರೀಂ ಕೋರ್ಟ್ ಆ ಷರತ್ತು ಸರಿ ಅಂತ ತೀರ್ಪು ಕೊಟ್ಟಿತು. ಎಲ್ಲ ಬಾಂಡೂ ಸರಿ ಅಂತ ಇದರ ಅರ್ಥ ಅಲ್ಲ. ಷರತ್ತು ನ್ಯಾಯವಾಗಿದೆಯಾ ಅಂತ ಕೋರ್ಟ್ ನೋಡುತ್ತೆ. ಆದರೆ ಸಹಿ ಹಾಕಿದ ಮೇಲೆ ಉತ್ತರ ಸಿಗೋಕೆ ಅಲ್ಲಿ ಹದಿನಾರು ವರ್ಷ ಹಿಡಿಯಿತು.

ಹಾಗಾದ್ರೆ ಏನು ಕೇಳೋದು? ಟೆಕ್ನಿಕಲ್ ಪ್ಯಾನೆಲ್‌ನವರ ಹತ್ತಿರ ಸಂಬಳ ಕೇಳಿ ಪ್ರಯೋಜನ ಇಲ್ಲ. ಅವರ ಹತ್ತಿರ ಕೆಲಸದ ಬಗ್ಗೆ ಕೇಳಬೇಕು. ಮೊದಲ ಆರು ತಿಂಗಳು ನಾನು ಏನು ಮಾಡಬೇಕು? ಹೊಸಬರಿಗೆ ಯಾರು ಕಲಿಸ್ತಾರೆ? ಈ ಜಾಗದಲ್ಲಿ ಮುಂಚೆ ಇದ್ದವರು ಎಲ್ಲಿ ಹೋದರು? ಎಚ್‌ಆರ್ ಹತ್ತಿರ ಕೈಗೆ ಎಷ್ಟು ಬರುತ್ತೆ, ಬಾಂಡ್ ಇದೆಯಾ, ಯಾವ ಊರು, ಯಾವ ಶಿಫ್ಟ್, ಯಾವಾಗ ಜಾಯಿನಿಂಗ್. ಟ್ರೈನಿಂಗ್ ಪರೀಕ್ಷೆ ಫೇಲ್ ಆದರೆ ಏನಾಗುತ್ತೆ ಅಂತಲೂ ಕೇಳಬೇಕು. 2025ರ ಫೆಬ್ರವರಿಯಲ್ಲಿ ಮೈಸೂರಿನ ಇನ್ಫೋಸಿಸ್ ಕ್ಯಾಂಪಸ್ಸಿನಿಂದ, ಮೂರು ಅವಕಾಶದಲ್ಲೂ ಪಾಸಾಗದ 300ಕ್ಕೂ ಹೆಚ್ಚು ಟ್ರೈನಿಗಳನ್ನ ಕಳಿಸಿದ ಸುದ್ದಿ ಎಲ್ಲ ಪೇಪರ್‌ನಲ್ಲೂ ಬಂದಿತ್ತು. ಮೆಲ್ಲಗೆ, ಮರ್ಯಾದೆಯಿಂದ ಕೇಳಿದರೆ ಸಾಕು. ಉತ್ತರವನ್ನ ಮೇಲ್‌ನಲ್ಲಿ ಕಳಿಸಿ ಅಂದರೆ ಇನ್ನೂ ಒಳ್ಳೆಯದು.

ಮೊನ್ನೆ ಕ್ಯಾಂಟೀನಿನಲ್ಲಿ ಅದೇ ಸೀನಿಯರ್ ಸಿಕ್ಕಿದರು. ಅವರಿಗೆ ಪ್ಲೇಸ್‌ಮೆಂಟ್ ಆಗಿದೆ. "ನಿಮ್ಮ ಕಂಪನೀಲಿ ಬಾಂಡ್ ಇದೆಯಾ?" ಅಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಕಾಫಿ ಲೋಟ ಪಕ್ಕಕ್ಕಿಟ್ಟು, ಫೋನ್ ತೆಗೆದು ಆಫರ್ ಲೆಟರ್ ಹುಡುಕೋಕೆ ಶುರು ಮಾಡಿದರು.

ಅಂದಹಾಗೆ, ಆಂಟಿ ಮಾರನೇ ದಿನ ಬಂದರು. ಭಾನುವಾರ ರಜಾ ಅಂತ ಮೊದಲೇ ಹೇಳಿ, ಅಮ್ಮ ಒಪ್ಪಿದ ಮೇಲೇ ಪೊರಕೆ ಹಿಡಿದರು.